ಮೊದಲ ಹೋರಿಯ ಗುರುತು

ಮಂಡಗದ್ದೆಯ ಆಸುಪಾಸಿನ ಹಳ್ಳಿಗಳಲ್ಲಿ, ಹಾಗೆಯೇ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ, ಒಂದೇ ಕೊಟ್ಟಿಗೆಯಲ್ಲಿ ಎರಡು ಬಗೆಯ ದನ ಕಾಣುವುದು ಈಗ ಮಾಮೂಲು. ಒಂದು ಮೂಲೆಯಲ್ಲಿ ಡೇರಿಗೆ ಹಾಲು ಹಾಕಲೆಂದು ಸಾಕಿದ ಜೆರ್ಸಿ ಮಿಶ್ರತಳಿ. ಇನ್ನೊಂದು ಮೂಲೆಯಲ್ಲಿ ಬೆಳಿಗ್ಗೆ ಹಗ್ಗ ಬಿಚ್ಚಿದರೆ ಗುಡ್ಡ, ಸೊಪ್ಪಿನಬೆಟ್ಟ ಸುತ್ತಿ ಸಂಜೆ ತಾನಾಗಿ ಮನೆಗೆ ಬರುವ ಮಲೆನಾಡು ಗಿಡ್ಡ. ಗಿಡ್ಡದ ಎತ್ತರ ಹೆಚ್ಚೆಂದರೆ 3 ಅಡಿಯ ಆಸುಪಾಸು, ಹಾಲು ದಿನಕ್ಕೆ ಒಂದೆರಡು ಲೀಟರು. ಜಡಿಮಳೆಗೂ ಕಾಡಿನ ಒರಟು ಮೇವಿಗೂ ಹೊಂದಿಕೊಂಡ ಜೀವ ಅದು. ಹಾಲು ಹೆಚ್ಚಲಿ ಎಂದು ಗಿಡ್ಡ ಹಸುಗಳಿಗೂ ಜೆರ್ಸಿ ವೀರ್ಯದ ಇಂಜೆಕ್ಷನ್ ಹಾಕಿಸಿದ ಮನೆಗಳು ಬಹಳ. ಆಮೇಲೆ ಊರ ತಳಿ ಕೈಬಿಟ್ಟು ಹೋಗುತ್ತಿದೆ ಎಂಬ ಎಚ್ಚರವೂ ಹುಟ್ಟಿತು. 2007ರಲ್ಲಿ ಹೊಸನಗರ ತಾಲೂಕಿನ ರಾಮಚಂದ್ರಾಪುರ ಮಠದಲ್ಲಿ ವಿಶ್ವ ಗೋ ಸಮ್ಮೇಳನ ನಡೆಯಿತು. ಮಲೆನಾಡು ಗಿಡ್ಡ ದೇಶದ ಮಾನ್ಯ ತಳಿಗಳ ಪಟ್ಟಿಗೂ ಸೇರಿತು.

ತಳಿ ಉಳಿಸಲು ಹೊರಟವರ ಮುಂದೆ ಒಂದು ಪ್ರಶ್ನೆ ನಿಲ್ಲುತ್ತದೆ. ಮೊದಲ ಸೂಲಿಗೆ ಜೆರ್ಸಿ ಕರು ಹಾಕಿದ ಗಿಡ್ಡ ಹಸುವಿಗೆ ಎರಡನೇ ಸಲ ಗಿಡ್ಡ ಹೋರಿಯನ್ನೇ ಕೊಡಿಸಿದರೆ ಹುಟ್ಟುವ ಕರು ಅಪ್ಪಟ ಗಿಡ್ಡವೋ, ಅಥವಾ ಹಸುವಿನ ಮೈಯಲ್ಲಿ ಜೆರ್ಸಿಯ ಗುರುತು ಉಳಿದುಕೊಂಡು ಆ ಕರುವಿಗೂ ಇಳಿಯುತ್ತದೋ?

ಅಪ್ಪಟ ಗಿಡ್ಡವೇ. ಒಂದೇ ಮಾತಿನ ಈ ಉತ್ತರಕ್ಕೆ ಬರಲು ವಿಜ್ಞಾನಕ್ಕೆ ಮುಕ್ಕಾಲು ಶತಮಾನ ಹಿಡಿಯಿತು. ಹೆಣ್ಣಿನ ಹಿಂದಿನ ಸಂಗಾತಿಯ ಲಕ್ಷಣ ಆಮೇಲಿನ ಬೇರೆ ಗಂಡಿನ ಸಂತಾನದಲ್ಲಿ ಕಾಣಿಸಿಕೊಳ್ಳುತ್ತದೆ ಎಂಬ ನಂಬಿಕೆಗೆ ಟೆಲಿಗೊನಿ ಎಂದು ಹೆಸರು. ಆ ಹೆಸರನ್ನು ಬಳಕೆಗೆ ತಂದವರು ಜರ್ಮನಿಯ ಜೀವವಿಜ್ಞಾನಿ ಆಗಸ್ಟ್ ವೈಸ್‌ಮನ್, 19ನೇ ಶತಮಾನದ ಕೊನೆಯಲ್ಲಿ. ನಂಬಿಕೆ ಮಾತ್ರ ಅದಕ್ಕಿಂತ ಬಹಳ ಹಳೆಯದು. ಕುದುರೆ ಸಾಕುವವರು, ನಾಯಿ ಸಾಕುವವರು ತಲೆಮಾರುಗಳಿಂದ ಅದನ್ನು ಸತ್ಯವೆಂದೇ ತಿಳಿದಿದ್ದರು. ಬೀದಿನಾಯಿಯ ಜೊತೆ ಕೂಡಿದ ಜಾತಿನಾಯಿಯನ್ನು ಆಮೇಲೆ ತಳಿಗೆ ಬಳಸದೆ ಬಿಟ್ಟುಬಿಡುವುದೂ ಇತ್ತು.

ಈ ನಂಬಿಕೆಗೆ ವಿಜ್ಞಾನದ ಮುದ್ರೆ ಒತ್ತಿದ್ದು ಒಂದು ಹೆಣ್ಣು ಕುದುರೆ. ಸ್ಕಾಟ್ಲೆಂಡಿನ ಮಾರ್ಟನ್ ಪ್ರಭುವಿನ ಬಳಿ ಕೆಂಚು ಬಣ್ಣದ ಕುದುರೆಯೊಂದಿತ್ತು. ಅದರ ರಕ್ತದಲ್ಲಿ ಎಂಟರಲ್ಲಿ ಏಳು ಪಾಲು ಅರಬ್ಬಿ. ದಕ್ಷಿಣ ಆಫ್ರಿಕಾದ ಕ್ವಾಗಾ ಎಂಬ, ಮೈಯ ಮುಂಭಾಗಕ್ಕೆ ಮಾತ್ರ ಪಟ್ಟೆಯಿರುವ ಜೀಬ್ರಾ ಜಾತಿಯ ಗಂಡನ್ನು ಆತ ಅದಕ್ಕೆ ಕೂಡಿಸಿದ. ಮಿಶ್ರತಳಿಯ ಹೆಣ್ಣು ಮರಿ ಹುಟ್ಟಿತು. ಆಮೇಲೆ ಆ ಕುದುರೆ ಸರ್ ಗೋರ್ ಔಸ್ಲಿ ಎಂಬವರ ಪಾಲಾಯಿತು. ಅವರು ಅದನ್ನು ಕಪ್ಪು ಅರಬ್ಬಿ ಗಂಡು ಕುದುರೆಗೆ ಕೂಡಿಸಿದರು. ಹುಟ್ಟಿದ ಮರಿಗಳ ಕಾಲುಗಳಲ್ಲಿ ಅಡ್ಡ ಪಟ್ಟೆಗಳಿದ್ದವು, ಬೆನ್ನ ಮೇಲೆ ಕಪ್ಪು ಗೆರೆಯಿತ್ತು, ಕೇಸರ ನೆಟ್ಟಗೆ ನಿಂತಿತ್ತು. ಮಾರ್ಟನ್ ಇದನ್ನೆಲ್ಲ 1820ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ. ಮರುವರ್ಷ ಅದು ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಚಿತ್ರಕಾರ ಅಗಾಸ್ ಈ ಪ್ರಾಣಿಗಳ ಚಿತ್ರ ಬರೆದ. ಚಾರ್ಲ್ಸ್ ಡಾರ್ವಿನ್ ಕೂಡ 1868ರ ತನ್ನ ಗ್ರಂಥದಲ್ಲಿ ಈ ಸಂಗತಿಯನ್ನು ನಿಜವೆಂದೇ ಒಪ್ಪಿ ಚರ್ಚಿಸಿದ. ಡಾರ್ವಿನ್ ಒಪ್ಪಿದ ಮೇಲೆ ಬೇರೆಯವರು ಒಪ್ಪದಿರುವುದು ಕಷ್ಟವೇ ಆಗಿತ್ತು.

ಪರೀಕ್ಷೆ ಮಾಡಿಯೇ ನೋಡೋಣ ಎಂದು ಹೊರಟವರು ಎಡಿನ್‌ಬರೋ ವಿಶ್ವವಿದ್ಯಾಲಯದ ಜೇಮ್ಸ್ ಕೊಸಾರ್ ಯೂವರ್ಟ್. ಆ ಹೊತ್ತಿಗೆ ಕ್ವಾಗಾ ಭೂಮಿಯ ಮೇಲೆಯೇ ಇರಲಿಲ್ಲ. ಅದರ ಕೊನೆಯ ಹೆಣ್ಣು 1883ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಮೃಗಾಲಯದಲ್ಲಿ ಸತ್ತಿತ್ತು. ಯೂವರ್ಟ್ ಬದಲಿಗೆ ಮಟೊಪೊ ಎಂಬ ಗಂಡು ಜೀಬ್ರಾ ತಂದರು. ಪೆನಿಕುಕ್ ಎಂಬ ಊರಿನಲ್ಲಿ ಬೇರೆ ಬೇರೆ ತಳಿಯ ಹೆಣ್ಣು ಕುದುರೆಗಳಿಗೆ ಅದನ್ನು ಕೂಡಿಸಿದರು. 1896ರಲ್ಲಿ ಮುಲಾಟೊ ಎಂಬ ಕುದುರೆಗೆ ರೊಮ್ಯುಲಸ್ ಎಂಬ ಪಟ್ಟೆಪಟ್ಟೆಯ ಮರಿ ಹುಟ್ಟಿತು. ಆಮೇಲೆ ಅದೇ ಕುದುರೆಗಳನ್ನು ಮಾಮೂಲು ಗಂಡು ಕುದುರೆಗಳಿಗೆ ಕೂಡಿಸಿ ಮರಿಗಳಿಗಾಗಿ ಕಾದರು. ಒಂದೆರಡು ಮರಿಗಳ ಮೈಯಲ್ಲಿ ಮಸುಕು ಗೆರೆಗಳಿದ್ದದ್ದು ನಿಜ. ಯೂವರ್ಟರ ಜಾಣತನ ಕಾಣುವುದು ಇಲ್ಲಿ. ಜೀಬ್ರಾವನ್ನು ಕಣ್ಣಿನಿಂದಲೂ ನೋಡದ ಕುದುರೆಗಳ ಮರಿಗಳನ್ನು ಅವರು ಪಕ್ಕದಲ್ಲಿಟ್ಟು ಹೋಲಿಸಿದರು. ಅಂಥ ಗೆರೆ ಅವುಗಳಲ್ಲೂ ಇತ್ತು! ಕುದುರೆಯ ಪುರಾತನ ಪೂರ್ವಜರಿಗೆ ಬೆನ್ನಗೆರೆ, ಕಾಲುಪಟ್ಟೆ ಇದ್ದವು. ಆ ಗುಣ ಈಗಲೂ ಆಗಾಗ ಮರಿಗಳಲ್ಲಿ ಎದ್ದು ಬರುತ್ತದೆ. ಮಾರ್ಟನ್ನಿನ ಕುದುರೆ ಕ್ವಾಗಾವನ್ನು ಕಾಣದೇ ಇದ್ದಿದ್ದರೂ ಅಂಥ ಮರಿ ಹಾಕಬಹುದಿತ್ತು. 1899ರಲ್ಲಿ ಯೂವರ್ಟ್ ಫಲಿತಾಂಶವನ್ನು ಪುಸ್ತಕವಾಗಿ ಪ್ರಕಟಿಸಿದರು.

ಹಸುವಿನ ಒಡಲಿನಲ್ಲಿ ನಡೆಯುವುದನ್ನು ನೋಡಿದರೆ ಕಾರಣ ತಿಳಿಯುತ್ತದೆ. ಹೋರಿಯ ವೀರ್ಯಾಣುಗಳು ಹಸುವಿನ ಗರ್ಭನಾಳದಲ್ಲಿ ಬದುಕುವುದು ಒಂದೆರಡು ದಿನ. ಮುಂದಿನ ಸೂಲುಗಳಿಗೆ ಬೇಕಾದ ಅಂಡಗಳು ಅಂಡಾಶಯದಲ್ಲಿ ಕೋಶಗಳ ಪದರಗಳೊಳಗೆ ಮುಚ್ಚಿಕೊಂಡಿರುತ್ತವೆ. ಬಲಿಯದ ಅಂಡಕ್ಕೆ ವೀರ್ಯಾಣು ತಲುಪುವುದಿಲ್ಲ. ಬಲಿತ ಅಂಡದೊಳಗೆ ಒಂದೇ ಒಂದು ವೀರ್ಯಾಣು ಹೊಕ್ಕರೆ ಬಾಗಿಲು ಮುಚ್ಚಿತು. ಹಸುವಿನ 60 ವರ್ಣತಂತುಗಳಲ್ಲಿ 30 ತಾಯಿಯಿಂದ, 30 ಆ ಒಂದು ವೀರ್ಯಾಣುವಿನಿಂದ. ಹಿಂದಿನ ಹೋರಿಗೆ ಅಲ್ಲಿ ಲೆಕ್ಕಕ್ಕೆ ಸಿಗುವ ಪಾಲೇ ಇಲ್ಲ.

ಹಾಗಾದರೆ ಗಿಡ್ಡ ಹೋರಿ ಕೊಡಿಸಿದ ಮೇಲೂ ಜೆರ್ಸಿ ಬಣ್ಣದ ಕರು ಹುಟ್ಟಿದರೆ? ಕಾರಣ ಹುಡುಕಬೇಕಾದದ್ದು ಬೇರೆ ಕಡೆ. ಗಿಡ್ಡ ಎಂದುಕೊಂಡ ಹೋರಿಯ ಅಜ್ಜನೋ ಮುತ್ತಜ್ಜನೋ ಜೆರ್ಸಿ ಆಗಿರಬಹುದು. ಹಸುವಿನಲ್ಲೇ ಅರೆಪಾಲು ಬೆರಕೆ ಇರಬಹುದು. ಗುಡ್ಡಕ್ಕೆ ಮೇಯಲು ಹೋದ ಹಸು ಬೆದೆಗೆ ಬಂದ ದಿನ ಯಾರ ಕಣ್ಣಿಗೂ ಬೀಳದೆ ಬೇರೆ ಹೋರಿ ಹತ್ತಿರಬಹುದು. ಮಲೆನಾಡಿನ ಮೇಯುವ ಪದ್ಧತಿಯಲ್ಲಿ ಈ ಮೂರನೆಯದನ್ನು ತಳ್ಳಿಹಾಕುವಂತಿಲ್ಲ. ತಳಿ ಉಳಿಸುವವರಿಗೆ ಇದರಲ್ಲಿ ದೊಡ್ಡ ಸಮಾಧಾನವಿದೆ. ಜೆರ್ಸಿ ಕರು ಹಾಕಿದ ಗಿಡ್ಡ ಹಸು ತಳಿಯಿಂದ ಹೊರಗಾದ ಹಸುವಲ್ಲ, ಅದನ್ನು ಮಾರಬೇಕಿಲ್ಲ. ಹೋರಿಯ ಹಿನ್ನೆಲೆ ಗಟ್ಟಿಯಾಗಿದ್ದು, ಬೆದೆಯ ದಿನ ಹಸು ಕೊಟ್ಟಿಗೆಯಲ್ಲಿದ್ದರೆ ಸಾಕು.

ಇಷ್ಟಕ್ಕೆ ವಿಷಯ ಮುಗಿಯಿತು ಎನ್ನುವಂತಿಲ್ಲ. ಹಸುವಿಗೆ ಸಲ್ಲುವುದು ಎಲ್ಲ ಜೀವಿಗಳಿಗೂ ಸಲ್ಲುವುದಿಲ್ಲ. ಹಕ್ಕಿಗಳನ್ನೇ ನೋಡಿ.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆಯಲ್ಲಿ, ಸುಮಾರು 30 ಕಿಲೋಮೀಟರ್ ಆದ ಮೇಲೆ, ಮಂಡಗದ್ದೆಯಲ್ಲಿ ತುಂಗೆಯ ನಡುವೆ ಪುಟ್ಟ ನಡುಗಡ್ಡೆಯೊಂದಿದೆ. ಮಳೆಗಾಲದಲ್ಲಿ ಅಲ್ಲಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ರಸ್ತೆ ಬದಿಯ ವೀಕ್ಷಣಾ ಗೋಪುರ ಹತ್ತಿದರೆ ಕೆಂಪು ಹೊಳೆಯ ಮೇಲೆ ಹಸಿರು ಗುಪ್ಪೆ, ಅದರ ತುಂಬ ಬಿಳಿ ಚುಕ್ಕೆ. ಒಂದು ಗೂಡಿಗೂ ಇನ್ನೊಂದಕ್ಕೂ ನಡುವೆ ಕೊಕ್ಕು ಚಾಚಿದರೆ ತಾಗುವಷ್ಟು ಜಾಗ. ಗಂಡು ಕಡ್ಡಿ ತಂದು ಕೊಡುತ್ತದೆ, ಹೆಣ್ಣು ಜೋಡಿಸುತ್ತದೆ. ಒಂದು ಗೂಡು, ಒಂದು ಜೋಡಿ ಎಂದೇ ನೋಡುವವರಿಗೆ ಅನಿಸುತ್ತದೆ. ಬೆಳ್ಳಕ್ಕಿಗಳಲ್ಲೇ ಒಂದು ಜಾತಿಯಾದ ಗೋವಕ್ಕಿಯನ್ನು ಜಪಾನಿನಲ್ಲಿ ಗಮನವಿಟ್ಟು ನೋಡಿದ ಫುಜಿಯೋಕಾ ಮತ್ತು ಯಮಗಿಶಿ 1981ರಲ್ಲಿ ಪ್ರಕಟಿಸಿದ ವಿವರ ಬೇರೆಯೇ ಇತ್ತು. ಜೋಡಿಯ ಗಂಡು ಗೂಡಿನಲ್ಲಿ ಇಲ್ಲದಾಗ ಅಕ್ಕಪಕ್ಕದ ಗೂಡಿನ ಗಂಡುಗಳು ಬಂದು ಹೆಣ್ಣನ್ನು ಕೂಡುತ್ತಿದ್ದವು.

ಹಕ್ಕಿಗಳಲ್ಲಿ ಇಂಥ ಕೂಡುವಿಕೆಗೆ ಹೆಚ್ಚಿನ ತೂಕವಿದೆ. ಹೆಣ್ಣು ಹಕ್ಕಿಯ ಅಂಡನಾಳದಲ್ಲಿ ವೀರ್ಯವನ್ನು ಕೂಡಿಡುವ ಕೂದಲೆಳೆಯಷ್ಟು ಸಣ್ಣ ಕೊಳವೆಗಳಿವೆ. ಮನೆಯ ಕೋಳಿಯಲ್ಲಿ ಇದನ್ನು ಯಾರು ಬೇಕಾದರೂ ಕಂಡುಕೊಳ್ಳಬಹುದು. ಹುಂಜವನ್ನು ಮಾರಿದ ಮೇಲೂ ಹೇಂಟೆ ಎರಡು ವಾರ, ಕೆಲವೊಮ್ಮೆ ಮೂರು ವಾರದವರೆಗೆ ಮರಿಯಾಗುವ ಮೊಟ್ಟೆಯನ್ನೇ ಇಡುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜ ತಳಿಯ ಹುಂಜ ಮನೆಯಲ್ಲಿತ್ತು, ಈಗ ಅದನ್ನು ತೆಗೆದು ನಾಟಿ ಹುಂಜ ತಂದಿದ್ದಾರೆ ಎಂದುಕೊಳ್ಳೋಣ. ಮರುದಿನದಿಂದಲೇ ಮೊಟ್ಟೆ ಕೂಡಿಟ್ಟು ಕಾವಿಗೆ ಕೂರಿಸಿದರೆ ಕೆಲವು ಮರಿಗಳು ಗಿರಿರಾಜನವೇ ಆಗಬಹುದು. ಅಪ್ಪಟ ನಾಟಿ ಮರಿ ಬೇಕಿದ್ದರೆ ಮೂರು ವಾರ ಕಳೆಯಬೇಕು.

ಹಿಂದಿನ ಗಂಡು ಮುಂದಿನ ಸಂತಾನದ ಮೇಲೆ ಪರಿಣಾಮ ಬೀರಿತು ಎಂದು ಇಲ್ಲಿ ಹೇಳಬಹುದೇ? ಸೂಕ್ಷ್ಮವಾಗಿ ನೋಡಿದರೆ ಹಾಗಲ್ಲ. ಆ ಮರಿಗೆ ಗಿರಿರಾಜ ಹುಂಜವೇ ತಂದೆ. ತಂದೆ ಹೊರಟುಹೋದ ಮೇಲೆ ಮರಿ ಹುಟ್ಟಿತು, ಅಷ್ಟೆ. ಒಂದು ಮರಿಗೆ ಎರಡು ತಂದೆಯರ ಗುಣ ಬರಲಿಲ್ಲ.

ಕೂಡಿಡುವ ಕಲೆಯಲ್ಲಿ ಕೋಳಿಗಿಂತ ಎಷ್ಟೋ ಮುಂದಿರುವುದು ಮಲೆನಾಡಿನ ತುಡುವೆ ಜೇನಿನ ರಾಣಿ. ಹರೆಯದ ಆರಂಭದಲ್ಲೇ ಅದು ಗೂಡಿನಿಂದ ಹಾರಿ, ಗಾಳಿಯಲ್ಲೇ ಹತ್ತಕ್ಕೂ ಹೆಚ್ಚು ಗಂಡುನೊಣಗಳನ್ನು ಕೂಡಿ ಬರುತ್ತದೆ. ಆ ಗಂಡುಗಳು ಕೂಡಿದ ಕೂಡಲೇ ಸಾಯುತ್ತವೆ. ರಾಣಿ ಅವುಗಳ ವೀರ್ಯವನ್ನು ಹೊಟ್ಟೆಯ ಚೀಲದಲ್ಲಿ ಜೀವಂತ ಇಟ್ಟುಕೊಂಡು ವರ್ಷಗಟ್ಟಲೆ ಮೊಟ್ಟೆಯಿಡುತ್ತದೆ. ಅಡಿಕೆ ತೋಟದ ಪೆಟ್ಟಿಗೆಯಲ್ಲಿ ಇಂದು ಕೆಲಸ ಮಾಡುವ ಜೇನುನೊಣದ ತಂದೆ ಕಳೆದ ವರ್ಷವೇ ಸತ್ತಿರಬಹುದು. ವೀರ್ಯ ತಾಗದ ಮೊಟ್ಟೆಯಿಂದ ಹುಟ್ಟುವುದು ಗಂಡುನೊಣ. ಅದಕ್ಕೆ ತಂದೆಯೇ ಇಲ್ಲ.

ಸೊಳ್ಳೆಮರಿ ತಿನ್ನಲೆಂದು ಕರ್ನಾಟಕದ ಬಾವಿ, ತೊಟ್ಟಿಗಳಿಗೆ ಬಿಡುವ ಗಪ್ಪಿ ಮೀನೂ ಹೀಗೆಯೇ. ಇದರ ತವರಾದ ಟ್ರಿನಿಡಾಡಿನ ಹೊಳೆಗಳಲ್ಲಿ ವಂಶಾವಳಿಯನ್ನು ಜಾಡುಹಿಡಿದ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಪ್ರಕಾರ, ಗಂಡು ಸತ್ತು ಹತ್ತು ತಿಂಗಳಾದ ಮೇಲೂ ಅದರ ಮರಿಗಳು ಹುಟ್ಟಿದ್ದವು. ಬಾವಿಗೆ ಒಂದೇ ಒಂದು ಹೆಣ್ಣು ಗಪ್ಪಿ ಬಿದ್ದರೂ ಅಲ್ಲಿ ಮೀನಿನ ಹಿಂಡು ಬೆಳೆಯಲು ಇದೇ ಕಾರಣ.

ಇವೆಲ್ಲ ತಡವಾಗಿ ಬಂದ ಪಿತೃತ್ವದ ಕಥೆಗಳು. ಟೆಲಿಗೊನಿ ಎನ್ನಬೇಕಾದರೆ ಮರಿಯ ತಂದೆ ಎರಡನೆಯ ಗಂಡೇ ಆಗಿರಬೇಕು, ಲಕ್ಷಣ ಮಾತ್ರ ಮೊದಲನೆಯದರದಾಗಿರಬೇಕು. ಅಂಥದ್ದೊಂದು ಉದಾಹರಣೆ 2014ರಲ್ಲಿ ಸಿಕ್ಕಿತು. ಸಿಕ್ಕಿದ್ದು ಆಸ್ಟ್ರೇಲಿಯಾದಲ್ಲಿ, ಕೊಳೆತ ಮರದ ತೊಗಟೆಯ ಮೇಲೆ ಬದುಕುವ ಉದ್ದ ಕಾಲಿನ ನೊಣದಲ್ಲಿ. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಏಂಜೆಲಾ ಕ್ರೀನ್, ಆನಾ ಕಾಪ್ಸ್ ಮತ್ತು ರಸೆಲ್ ಬಾಂಡುರಿಯಾನ್‌ಸ್ಕಿ ಗಂಡುಮರಿಗಳಿಗೆ ಎರಡು ಬಗೆಯ ಆಹಾರ ಕೊಟ್ಟರು. ಪುಷ್ಟಿಯಾಗಿ ತಿಂದವು ದೊಡ್ಡ ಗಾತ್ರಕ್ಕೆ ಬೆಳೆದವು, ಅರೆಹೊಟ್ಟೆಯವು ಸಣ್ಣವಾಗಿ ಉಳಿದವು. ಎಳೆಯ ಹೆಣ್ಣುಗಳನ್ನು, ಅವುಗಳ ಮೊಟ್ಟೆ ಇನ್ನೂ ಬಲಿಯುವ ಮೊದಲೇ, ದೊಡ್ಡ ಅಥವಾ ಸಣ್ಣ ಗಂಡಿನ ಜೊತೆ ಕೂಡಿಸಿದರು. ಎರಡು ವಾರದ ನಂತರ, ಮೊಟ್ಟೆ ಬಲಿತ ಮೇಲೆ, ಬೇರೆ ಗಂಡಿನ ಜೊತೆ ಕೂಡಿಸಿದರು. ಹುಟ್ಟಿದ ಮರಿಗಳಿಗೆ ಬಹುಪಾಲು ಎರಡನೆಯ ಗಂಡೇ ತಂದೆ ಎಂಬುದು ಪರೀಕ್ಷೆಯಲ್ಲಿ ಗಟ್ಟಿಯಾಯಿತು. ಗಾತ್ರ ಮಾತ್ರ ಮೊದಲ ಗಂಡನ್ನು ಅನುಸರಿಸಿತ್ತು. ಮೊದಲ ಗಂಡು ಬರೀ ಹತ್ತಿರವಿದ್ದು ಕೂಡದೆ ಹೋದಾಗ ಈ ಪರಿಣಾಮ ಕಾಣಲಿಲ್ಲ.

ಆ ಸಂಶೋಧಕರ ಊಹೆ ಹೀಗಿದೆ: ಮೊದಲ ಗಂಡಿನ ವೀರ್ಯದ್ರವದಲ್ಲಿರುವ ಯಾವುದೋ ಅಣುಗಳು ಬಲಿಯುತ್ತಿದ್ದ ಎಳೆಯ ಮೊಟ್ಟೆಗಳನ್ನು ಸೇರಿ ಅವುಗಳ ಬೆಳವಣಿಗೆಯ ದಾರಿಯನ್ನು ತುಸು ಬದಲಿಸಿದವು. ಇಲ್ಲಿ ದಾಟಿಬಂದದ್ದು ವಂಶವಾಹಿ ಅಲ್ಲ. ಗಂಡಿನ ಗಾತ್ರವೇ ತಿಂದ ಊಟದಿಂದ ಬಂದದ್ದು. ಇದು ಅಚ್ಚರಿಯ ಶೋಧ, ಪ್ರಾಮಾಣಿಕವಾದ ಶೋಧ ಕೂಡ. ಆದರೆ ಇದು ಒಂದು ಜಾತಿಯ ನೊಣದ ಮಾತು. ಈ ನೊಣವನ್ನು ಹಿಡಿದು ಹಸುವಿಗೆ, ಅಲ್ಲಿಂದ ಮನುಷ್ಯರಿಗೆ ಜಿಗಿಯುವುದು ವಿಜ್ಞಾನವಲ್ಲ.

ಜಿಗಿದವರಿದ್ದಾರೆ, ಅದರಿಂದ ಆದ ಕೇಡೂ ಇದೆ. 1917ರಲ್ಲಿ ಜರ್ಮನಿಯ ಆರ್ಟುರ್ ಡಿಂಟರ್ ಬರೆದ ಕಾದಂಬರಿಯ ತಿರುಳೇ ಇದು: ಒಮ್ಮೆ ಯಹೂದಿಯನ್ನು ಕೂಡಿದ ಜರ್ಮನ್ ಹೆಣ್ಣಿಗೆ ಆಮೇಲೆ ಜರ್ಮನ್ ಗಂಡನಿಂದಲೂ ಯಹೂದಿ ಲಕ್ಷಣದ ಮಗುವೇ ಹುಟ್ಟುತ್ತದಂತೆ. ಲಕ್ಷಗಟ್ಟಲೆ ಪ್ರತಿ ಮಾರಾಟವಾದ ಆ ಸುಳ್ಳನ್ನು ನಾಜಿ ಪ್ರಚಾರಕ ಯೂಲಿಯಸ್ ಸ್ಟ್ರೈಖರ್ 1930ರ ದಶಕದಲ್ಲಿ ವೈದ್ಯಕೀಯ ಸತ್ಯವೆಂಬಂತೆ ಹರಡಿದ. ಯೂವರ್ಟ್ ತಮ್ಮ ಫಲಿತಾಂಶ ಪ್ರಕಟಿಸಿ ಆಗಲೇ ಮೂರು ದಶಕ ದಾಟಿತ್ತು.

ಇನ್ನು ನಮ್ಮ ನಾಡಿನ ಮಾತು. ಕರ್ನಾಟಕದ ಹಲವು ಸಮುದಾಯಗಳಲ್ಲಿ ವಿಧವೆಗೆ ಉಡಿಕೆ, ಕೂಡಿಕೆ ಎಂದು ಕರೆಯುವ ಮರುಮದುವೆಯ ಪದ್ಧತಿ ಹಿಂದಿನಿಂದ ಇತ್ತು. ಸೀರೆ ಉಡಿಸಿ, ಸದ್ದಿಲ್ಲದೆ ನಡೆಸುವ ಮದುವೆ. ಮೊದಲ ಮದುವೆಯ ಸಂಭ್ರಮ ಅದಕ್ಕಿರಲಿಲ್ಲ. ಆ ಹೆಣ್ಣುಮಕ್ಕಳು ಹೆತ್ತ ಮಕ್ಕಳು ಎರಡನೆಯ ಗಂಡನ ಮಕ್ಕಳೇ. ಮೊದಲ ಗಂಡನ ಮೂಗು, ಬಣ್ಣ, ಬುದ್ಧಿ ಯಾವುದೂ ಅವರಿಗೆ ಇಳಿದಿರಲು ದಾರಿಯಿಲ್ಲ. ಇಷ್ಟು ಸ್ಪಷ್ಟವಾದ ಮಾತನ್ನು ಈಗಲೂ ಒತ್ತಿ ಹೇಳಬೇಕಾಗಿದೆ. ಏಕೆಂದರೆ ಮೊಬೈಲುಗಳಲ್ಲಿ ಹೊಸ ರೂಪದ ಸುಳ್ಳೊಂದು ಓಡಾಡುತ್ತಿದೆ: ಹೆಣ್ಣು ಕೂಡಿದ ಪ್ರತಿ ಗಂಡಿನ ಡಿಎನ್‌ಎ ಅವಳ ಮೈಯಲ್ಲಿ ಸಾಯುವವರೆಗೆ ಉಳಿಯುತ್ತದೆ ಎಂದು. ಇದಕ್ಕೆ ಆಧಾರವಾಗಿ ತೋರಿಸುವುದು 2012ರ ಒಂದು ಅಮೆರಿಕನ್ ಅಧ್ಯಯನವನ್ನು. ಮರಣಾನಂತರ ಪರೀಕ್ಷಿಸಿದ 59 ಹೆಂಗಸರ ಮಿದುಳುಗಳಲ್ಲಿ 37ರಲ್ಲಿ ಗಂಡು ಡಿಎನ್‌ಎ ಕಂಡದ್ದು ನಿಜ. ಆದರೆ ಅಧ್ಯಯನ ನಡೆಸಿದವರೇ ಹೇಳಿದ ಪ್ರಕಾರ ಅದರ ಮೂಲ ಬಹುಶಃ ಬಸಿರು, ಎಂದರೆ ಹೊಟ್ಟೆಯಲ್ಲಿ ಬೆಳೆದ ಗಂಡುಮಗು. ಬಸಿರಿನಲ್ಲಿ ಮಗುವಿನ ಕೆಲವು ಕೋಶಗಳು ತಾಯಿಯ ರಕ್ತಕ್ಕೆ ದಾಟುತ್ತವೆ, ಅಲ್ಲೇ ನೆಲೆಸುತ್ತವೆ. ಡಯಾನಾ ಬಿಯಾಂಕಿ ಮತ್ತು ಸಂಗಡಿಗರು 1996ರಲ್ಲೇ ತೋರಿಸಿದ್ದಂತೆ, ಗಂಡುಮಗು ಹೆತ್ತು 27 ವರ್ಷವಾದ ತಾಯಿಯ ರಕ್ತದಲ್ಲೂ ಅಂಥ ಕೋಶಗಳಿದ್ದವು. ತಾಯಿ ಮಕ್ಕಳ ನಡುವಿನ ಈ ಸಂಗತಿಯನ್ನು ಹೆಣ್ಣಿನ ನಡತೆಯ ತೀರ್ಪಿಗೆ ಬಳಸುವುದು ಅನ್ಯಾಯ.

ಮನುಷ್ಯರಲ್ಲಿ ಹಿಂದಿನ ಬಸಿರು ಮುಂದಿನ ಮಗುವನ್ನು ನಿಜವಾಗಿ ತಟ್ಟುವ ಖಚಿತ ದಾರಿಯೊಂದಿದೆ. ಅದು ರಕ್ತದ ಗುಂಪಿನದು. ಭಾರತದಲ್ಲಿ ನೂರಕ್ಕೆ ಸುಮಾರು ಐವರ ರಕ್ತ ಆರ್‌ಎಚ್ ನೆಗೆಟಿವ್. ಅಂಥ ತಾಯಿಯ ಹೊಟ್ಟೆಯಲ್ಲಿ ಪಾಸಿಟಿವ್ ಮಗು ಬೆಳೆದರೆ, ಹೆರಿಗೆಯ ಹೊತ್ತಿಗೆ ಮಗುವಿನ ರಕ್ತ ತುಸು ತಾಯಿಯ ರಕ್ತಕ್ಕೆ ಸೇರಬಹುದು. ತಾಯಿಯ ದೇಹ ಅದನ್ನು ಪರಕೀಯವೆಂದು ಗುರುತಿಸಿ ಪ್ರತಿಕಾಯಗಳನ್ನು ತಯಾರಿಸುತ್ತದೆ. ಮೊದಲ ಮಗು ಸಾಮಾನ್ಯವಾಗಿ ಪಾರಾಗುತ್ತದೆ. ಮುಂದಿನ ಮಗುವೂ ಪಾಸಿಟಿವ್ ಆದರೆ ಆ ಪ್ರತಿಕಾಯಗಳು ಮಾಸು ದಾಟಿ ಅದರ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮಗುವಿಗೆ ರಕ್ತಹೀನತೆ, ತೀವ್ರ ಕಾಮಾಲೆ. ಹೊಟ್ಟೆಯಲ್ಲೇ ಸಾಯುವುದೂ ಉಂಟು. 1939ರಲ್ಲಿ ನ್ಯೂಯಾರ್ಕಿನಲ್ಲಿ ಲೆವಿನ್ ಮತ್ತು ಸ್ಟೆಟ್ಸನ್ ವರದಿ ಮಾಡಿದ ಒಬ್ಬ ಬಾಣಂತಿಯ ಪ್ರಕರಣದಿಂದ ಈ ಗುಟ್ಟು ಬಿಚ್ಚಿಕೊಳ್ಳತೊಡಗಿತು. ಕುದುರೆಗಳಲ್ಲೂ ಇಂಥದ್ದೇ ಕಾಯಿಲೆ ಇದೆ. ಅಲ್ಲಿ ಪ್ರತಿಕಾಯ ಮರಿಗೆ ಸೇರುವುದು ಗಿಣ್ಣದ ಹಾಲಿನಿಂದ.

ಮೊದಲ ಮಗುವಿನ ತಂದೆ ಒಬ್ಬ, ಎರಡನೆಯದರ ತಂದೆ ಇನ್ನೊಬ್ಬ ಆಗಿದ್ದರೂ ನಡೆಯುವುದು ಇದೇ. ಮೊದಲ ಗಂಡನಿಂದ ಎರಡನೆಯ ಮಗುವಿಗೆ ಏನೂ ದಾಟುವುದಿಲ್ಲ. ದಾಟುವುದು ತಾಯಿಯ ಪ್ರತಿಕಾಯ, ಅದನ್ನು ಎಬ್ಬಿಸಿದ್ದು ಹಿಂದಿನ ಬಸಿರು. ಹೊಂದದ ರಕ್ತವನ್ನು ಏರಿಸಿದರೂ ಅದು ಏಳುತ್ತದೆ. ಎರಡನೆಯ ಗಂಡ ನೆಗೆಟಿವ್ ಆಗಿದ್ದರೆ ಮಗುವೂ ನೆಗೆಟಿವ್, ಆಗ ತೊಂದರೆಯೇ ಇಲ್ಲ.

1968ರಿಂದ ಇದಕ್ಕೆ ತಡೆಮದ್ದಿದೆ. ಆ್ಯಂಟಿ-ಡಿ ಇಂಜೆಕ್ಷನ್ನನ್ನು ಬಸಿರಿನ 28ನೇ ವಾರದ ಹೊತ್ತಿಗೆ ಒಮ್ಮೆ, ಹೆತ್ತ ಮಗು ಪಾಸಿಟಿವ್ ಎಂದಾದರೆ 72 ಗಂಟೆಯೊಳಗೆ ಮತ್ತೊಮ್ಮೆ ಕೊಡುತ್ತಾರೆ. ಗರ್ಭಪಾತವಾದಾಗಲೂ ಇದು ಬೇಕಾಗುತ್ತದೆ. ಪ್ರತಿಕಾಯ ಮೂಡುವ ಮೊದಲು ಕೊಟ್ಟರೆ ಮಾತ್ರ ಫಲ. ಹೀಗಾಗಿ ಆಶಾ ಕಾರ್ಯಕರ್ತೆ ಬಸುರಿಯ ತಾಯಿ ಕಾರ್ಡಿನಲ್ಲಿ ಬರೆಸುವ ರಕ್ತದ ಗುಂಪು, 'ಇದು ಎಷ್ಟನೇ ಬಸಿರು' ಎಂಬ ಸಾಲು ಎರಡೂ ಮುಖ್ಯ. ಎರಡನೆಯ ಮದುವೆಯಾದ ಹೆಣ್ಣುಮಗಳು ಅತ್ತೆಮನೆಯವರ ಎದುರು ಹಿಂದಿನ ಬಸಿರನ್ನೋ ಗರ್ಭಪಾತವನ್ನೋ ಹೇಳಲು ಅಂಜಿ 'ಇದೇ ಮೊದಲು' ಎಂದುಬಿಟ್ಟರೆ, ಆ ಸಾಲು ತಪ್ಪಾಗಿ ದಾಖಲಾಗುತ್ತದೆ. ವೈದ್ಯರು ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಬೇಕು. ನೆಗೆಟಿವ್ ಎಂದು ತಿಳಿದ ಪ್ರತಿ ಬಸುರಿಗೂ, ಅವಳ ಉತ್ತರ ಏನೇ ಇರಲಿ, ಇಂಡೈರೆಕ್ಟ್ ಕೂಂಬ್ಸ್ ಎಂಬ ರಕ್ತಪರೀಕ್ಷೆ ಮಾಡಿಸಬೇಕು. ಪ್ರತಿಕಾಯ ಆಗಲೇ ಇದೆ ಎಂದು ಅದರಲ್ಲಿ ತಿಳಿದರೆ ಇಂಜೆಕ್ಷನ್ನಿನ ಕಾಲ ದಾಟಿದೆ ಎಂದರ್ಥ. ಆಗ ಆ ಬಸುರಿಯನ್ನು ಶಿವಮೊಗ್ಗ, ಮಣಿಪಾಲದಂಥ ಕಡೆಯ ದೊಡ್ಡ ಆಸ್ಪತ್ರೆಗೆ ಕಳಿಸಿ, ಮಗುವಿನ ಮಿದುಳಿನ ರಕ್ತನಾಳದ ಹರಿವನ್ನು ಸ್ಕ್ಯಾನಿಂಗಿನಲ್ಲಿ ಮತ್ತೆ ಮತ್ತೆ ನೋಡುತ್ತಿರಬೇಕಾಗುತ್ತದೆ. ರಕ್ತಹೀನತೆ ಕಂಡರೆ ಹೊಟ್ಟೆಯೊಳಗಿನ ಮಗುವಿಗೇ ಹೊಕ್ಕುಳಬಳ್ಳಿಯ ಮೂಲಕ ರಕ್ತ ಕೊಡುವ ವಿದ್ಯೆಯೂ ಈಗ ಬಂದಿದೆ.